ಊರು ಕೊಡುವ ತನಕ

ಪದಬಂಧ ಬಿಡಿಸುವವರ ನಡುವೆ ಬರೆದಿಡದ ಕಾಯ್ದೆಯೊಂದಿದೆ. ಕೇಳದವರಿಗೆ ಉತ್ತರ ಹೇಳಬಾರದು. ಇದನ್ನು ಯಾವ ಪತ್ರಿಕೆಯೂ ಮುದ್ರಿಸಿಲ್ಲ, ಯಾರೂ ಯಾರಿಗೂ ಕಲಿಸಿಲ್ಲ. ಆದರೂ ಬಾಗಲಕೋಟೆ ಜಿಲ್ಲೆಯ ನಮ್ಮ ಕೆರೂರಿನಲ್ಲಿ, ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಬೆಳಗಿನ ಏಳೂವರೆಗೆ ಕೂಡುವ ನಾಲ್ಕೈದು ಜನ ಇದನ್ನು ಪಾಲಿಸುವಷ್ಟು ಕಟ್ಟುನಿಟ್ಟಾಗಿ ಬೇರೆ ಯಾವ ಕಾಯ್ದೆಯನ್ನೂ ಪಾಲಿಸಿದ್ದನ್ನು ನಾನು ಕಂಡಿಲ್ಲ. ಹೆಲ್ಮೆಟ್ಟಿನ ಕಾಯ್ದೆಯ ಮಾತಂತೂ ಎತ್ತುವುದೇ ಬೇಡ.

ಇದು ಬರೀ ಆಟದ ಶಿಷ್ಟಾಚಾರವೋ, ಆಟದಿಂದೆದ್ದು ಮನೆಗೆ ಹೋದ ಮೇಲೂ ನಮ್ಮನ್ನು ಕಟ್ಟಿಹಾಕುವಂಥದ್ದೋ ಎಂಬ ಪ್ರಶ್ನೆ ಕೆಲವು ತಿಂಗಳಿಂದ ನನ್ನ ತಲೆಯಲ್ಲಿದೆ. ಪ್ರಶ್ನೆ ಸಣ್ಣದು ಅನ್ನಿಸಬಹುದು. ಹತ್ತು ಮನೆ ಉದ್ದ, ಹತ್ತು ಮನೆ ಅಗಲದ ಒಂದು ಚೌಕದಲ್ಲಿ ಯಾರಿಗೆ ಯಾರು ಏನು ಹೇಳಿದರೆ ಏನು ಕೆಡುತ್ತದೆ? ಆದರೆ ನಮ್ಮ ಬೆಂಚಿನ ಮೇಲೆ ಈ ಕಾಯ್ದೆಯನ್ನು ಮುರಿಯಬೇಕೋ ಬೇಡವೋ ಎಂಬ ಸಂದರ್ಭವೇ ಬಂತು. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಚಿಗೆ ಬರುವವರಲ್ಲಿ ಒಬ್ಬರು ನಿವೃತ್ತ ಕನ್ನಡ ಮಾಸ್ತರರು, ಒಬ್ಬರು ಬಟ್ಟೆ ಅಂಗಡಿಯ ಸಾಹುಕಾರರು, ಇನ್ನೊಬ್ಬರು ಒಂದು ಕಾಲಕ್ಕೆ ಮಗ್ಗ ನಡೆಸುತ್ತಿದ್ದವರು, ಬಾಗಲಕೋಟೆಯ ಕಾಲೇಜಿಗೆ ಬಸ್ಸು ಕಾಯುವ ಒಬ್ಬ ಹುಡುಗ, ಮತ್ತೆ ನಾನು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಊರು ನಮ್ಮದಾದ್ದರಿಂದ ಪತ್ರಿಕೆಯ ಕಟ್ಟು ನಸುಕಿನಲ್ಲೇ ಬಂದು ಬೀಳುತ್ತದೆ. ಅಂಗಡಿಗೆ ಬರುವುದು ಎರಡೇ ಪತ್ರಿಕೆ. ಒಂದೊಂದು ಪದಬಂಧಕ್ಕೆ ಇಬ್ಬಿಬ್ಬರು ಕೈ ಹಚ್ಚಿದರೆ ಜಗಳ ಖಂಡಿತ. ಹಾಗಾಗಿ ಒಬ್ಬೊಬ್ಬರೂ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೌಕ ಗೀಚಿಕೊಂಡು ತಮ್ಮದನ್ನು ತಾವು ತುಂಬುತ್ತಾರೆ. ನಾಲ್ಕೂ ಜನಕ್ಕೆ ಒಂದೇ ಸುಳಿವು, ಒಂದೇ ಹೊತ್ತು, ಬೇರೆ ಬೇರೆ ಕಾಗದ.

ಅಲ್ಲಿ ನಡೆಯುವ ಮಾತು ಕೇಳಲು ಚೆಂದ. ಎಲ್ಲರೂ ಉತ್ತರದ ಬಗ್ಗೆಯೇ ಮಾತಾಡುತ್ತಾರೆ, ಉತ್ತರವನ್ನು ಮಾತ್ರ ಯಾರೂ ಆಡುವುದಿಲ್ಲ. "ನಾಕನೇದ್ದು ಬಂತೇನ್ರೀ?" "ಬಂತು." "ನನಗ ಹೊಳೀವಲ್ದು. ಹೇಳಬ್ಯಾಡ್ರೀ ಮತ್ತ." "ಹೇಳಂಗಿಲ್ಲ. ನಿನ್ನೆ ರಾತ್ರಿ ನಿಮ್ಮ ಮನ್ಯಾಗ ಅದನ್ನ ಉಂಡೀರಿ, ಅಷ್ಟ ಹೇಳ್ತೀನಿ." ಟಗರಾಗಿ ಋಷಿಗಳ ಹೊಟ್ಟೆ ಸೇರುತ್ತಿದ್ದ ರಾಕ್ಷಸ, ಮೂರು ಮನೆ, ಎಂಬ ಸುಳಿವು ಬಂದ ದಿನ ಹುಡುಗ ಪೆನ್ನು ಕಚ್ಚುತ್ತ ಕೂತಿದ್ದ. ಸಾಹುಕಾರರು ಅತ್ತ ನೋಡುತ್ತ, "ಐತವಾರ ಬಾದಾಮಿಗೆ ಹೊಂಟೀಯಲ್ಲ, ಅಲ್ಲೇ ಸಿಗ್ತಾನ ತಗೋ" ಅಂದರು. ಹುಡುಗ ವಾತಾಪಿಯನ್ನು ಬರೆದುಕೊಂಡ. ಅಗಸ್ತ್ಯರ ಹೊಟ್ಟೆಯಲ್ಲಿ ಜೀರ್ಣವಾದವನು ಹೀಗೆ ಒಮ್ಮೊಮ್ಮೆ ಹೊರಗೆ ಬರುತ್ತಾನೆ.

ಕನ್ನಡದ ಪದಬಂಧಕ್ಕೆ ಒಂದು ವಿಶೇಷವಿದೆ, ನಮ್ಮ ಕಾಯ್ದೆಗೂ ಅದು ಸಂಬಂಧಪಟ್ಟದ್ದು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬವನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಈ ಆಟವನ್ನು ಮೊದಲು ಅಚ್ಚು ಹಾಕಿಸಿದಾಗ ಅವನ ಒಂದೊಂದು ಮನೆಯಲ್ಲಿ ಇಪ್ಪತ್ತಾರರಲ್ಲಿ ಒಂದು ಅಕ್ಷರ ಕೂರಬೇಕಿತ್ತು, ಅಷ್ಟೇ. ಕನ್ನಡದಲ್ಲಿ ಒಂದು ಮನೆಯೊಳಗೆ ಇಡೀ ಅಕ್ಷರ ಕೂರುತ್ತದೆ, ಕಾಗುಣಿತದ ಸಮೇತ, ಒತ್ತಿನ ಸಮೇತ. 'ಸ್ತ್ರೀ' ಅನ್ನುವುದಕ್ಕೆ ಒಂದೇ ಮನೆ ಸಾಕು. ಅಡ್ಡ ಬಂದ ಶಬ್ದದಲ್ಲಿ 'ಕಾ' ಇದ್ದರೆ ಉದ್ದದ ಶಬ್ದಕ್ಕೆ 'ಕ' ಆಗಿಬರುವುದಿಲ್ಲ. ಇಂಥ ಬಿಗಿಯ ನಡುವೆ ಎ.ಎನ್. ಪ್ರಹ್ಲಾದರಾವ್ ಅವರಂಥವರು ಸಾವಿರಾರು ಪದಬಂಧಗಳನ್ನು ಕಟ್ಟಿದ್ದಾರೆಂಬುದು ನನಗೆ ಇವತ್ತಿಗೂ ಸೋಜಿಗ. ಬಿಡಿಸುವವರಿಗೆ ಇದರ ಅರ್ಥ ಏನೆಂದರೆ, ನಮ್ಮಲ್ಲಿ ಮೊದಲ ಅಕ್ಷರ ಹೇಳಿಬಿಟ್ಟರೆ ಮುಕ್ಕಾಲು ಉತ್ತರ ಹೇಳಿದಂತೆ. 'ಆನೆ' ಎಂದು ಸುಳಿವು ಕೊಟ್ಟು ಎರಡು ಮನೆ ಬಿಟ್ಟಿದ್ದರೆ ಗಜ, ಕರಿ, ದಂತಿ, ಹಸ್ತಿ, ಇಭ ಎಲ್ಲವೂ ಹೊಂದುತ್ತವೆ. (ಇಭ ಎಂಬ ಪ್ರಾಣಿ ಈಗ ಪದಬಂಧದ ಕಾಡಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.) ಆದರೆ 'ಮೊದಲನೇದ್ದು ಇ' ಅಂದರೋ, ಮುಗಿಯಿತು. ಅದಕ್ಕೇ ನಮ್ಮ ಬೆಂಚಿನಲ್ಲಿ ಮೊದಲ ಅಕ್ಷರವನ್ನು ಕೇಳಿದವರಿಗೂ ಸುಲಭಕ್ಕೆ ಕೊಡುವುದಿಲ್ಲ.

ಕೇಳದೆ ಹೇಳಿದರೆ ಕಳೆದುಹೋಗುವುದು ಏನು? ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಒಂದು ಹಳೆಯ ಮೊಕದ್ದಮೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಹುಮಾನದ ಪದಬಂಧಗಳು ದೇಶದ ತುಂಬ ಹಬ್ಬಿದ್ದವು. ಪ್ರವೇಶ ಶುಲ್ಕ ಕಟ್ಟಿ, ಚೌಕ ತುಂಬಿ ಅಂಚೆಗೆ ಹಾಕಬೇಕು. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಎಂಬವರ ಸಂಸ್ಥೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯೊಂದರ ಮೂಲಕ ಇಂಥ ಸ್ಪರ್ಧೆ ನಡೆಸುತ್ತಿತ್ತು. ಆ ಪತ್ರಿಕೆ ಮುಂಬಯಿ ರಾಜ್ಯದಲ್ಲೂ ಓಡಾಡುತ್ತಿತ್ತು. ಮುಂಬಯಿ ಸರಕಾರ 1952ರಲ್ಲಿ ತನ್ನ ಕಾನೂನನ್ನು ತಿದ್ದಿ, ಹೊರಗೆ ಅಚ್ಚಾಗಿ ಒಳಗೆ ಬರುವ ಸ್ಪರ್ಧೆಗಳ ಮೇಲೂ ತೆರಿಗೆ ಹಾಕಲು ಹೊರಟಿತು. ಆಗ ಕೆರೂರು ಇದ್ದದ್ದು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿ, 1956ರ ನವೆಂಬರ್ 1ರ ತನಕ. ಅಂದರೆ ನಮ್ಮ ಊರಿನ ಯಾರಾದರೂ ಬೆಂಗಳೂರಿನ ಆ ಚೌಕ ತುಂಬಿದ್ದರೆ ಆ ಜಗಳದ ನಟ್ಟನಡುವೆ ಇದ್ದಂತೆಯೇ. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ತೀರ್ಪು ಓದಿದರು. ಜೂಜು ಎಂಬುದು ಸಂವಿಧಾನ ಕಾಪಾಡುವ ವ್ಯಾಪಾರವಲ್ಲ, ಗೆಲುವು ಬಹುಪಾಲು ಕೌಶಲದ ಮೇಲೆ ನಿಂತಿದ್ದರೆ ಅದು ಜೂಜಲ್ಲ ಎಂಬುದು ತಿರುಳು. ಅದಕ್ಕೆ ಮುಂಚೆಯೇ, 1955ರಲ್ಲಿ, ಕೇಂದ್ರ ಸರಕಾರದ ಕಾಯ್ದೆ ಇಂಥ ಸ್ಪರ್ಧೆಯ ಬಹುಮಾನ ತಿಂಗಳಿಗೆ 1000 ರೂಪಾಯಿ ಮೀರಬಾರದು, 2000ಕ್ಕಿಂತ ಹೆಚ್ಚು ಪ್ರವೇಶಗಳಿರಬಾರದು ಎಂದು ಮಿತಿ ಹಾಕಿತ್ತು.

ಈಗ ಯೋಚಿಸಿ. ಆ ಸ್ಪರ್ಧೆಗೆ ಕೂತವನ ಕಿವಿಯಲ್ಲಿ ಯಾರಾದರೂ ಸರಿಯುತ್ತರ ಉಸುರಿದ್ದರೆ ಅವನು 'ಹೇಳಬ್ಯಾಡ್ರೀ' ಅನ್ನುತ್ತಿದ್ದನೇ? ಕೈಮುಗಿದು ಕೇಳಿಸಿಕೊಳ್ಳುತ್ತಿದ್ದ. ಬಹುಮಾನ ಇದ್ದಲ್ಲಿ ಉತ್ತರವೆಂಬುದು ವಸ್ತು, ಯಾರ ಕೈಯಿಂದ ಬಂದರೂ ಅದರ ಬೆಲೆ ಅಷ್ಟೇ. ಬಹುಮಾನವಿಲ್ಲದ ನಮ್ಮ ಪದಬಂಧದಲ್ಲಿ ಅದೇ ಉತ್ತರ ಬೇರೆಯವರ ಕೈಯಿಂದ ಬಂದೊಡನೆ ಬೆಲೆ ಕಳೆದುಕೊಳ್ಳುತ್ತದೆ. ನಾಳೆ ಪತ್ರಿಕೆಯಲ್ಲಿ ಪುಕ್ಕಟೆ ಸಿಗುವ ಉತ್ತರ ಅದು. ಅದನ್ನು ನಾವು ಇವತ್ತು ಕಾಯುವುದು ಉತ್ತರಕ್ಕಾಗಿ ಅಂತೂ ಅಲ್ಲ. ಗೊತ್ತಿಲ್ಲದಿರುವುದಕ್ಕೂ ಗೊತ್ತಾಗುವುದಕ್ಕೂ ನಡುವೆ ಒಂದು ಓಣಿಯಿದೆ, ಅದನ್ನು ನಾವೇ ನಡೆಯಬೇಕು. ಇನ್ನೊಬ್ಬರು ಎತ್ತಿಕೊಂಡು ಆಚೆ ಇಳಿಸಿದರೆ ಜಾಗ ತಲುಪಿದಂತಾಗುತ್ತದೆ, ನಡೆದಂತಾಗುವುದಿಲ್ಲ.

ಕಾಯ್ದೆಯ ಇನ್ನೊಂದು ಮುಖವೂ ಇದೆ, ಅದು ನನಗೆ ಹೆಚ್ಚು ಮುಖ್ಯ. ಉತ್ತರ ಗೊತ್ತಿದ್ದವನಿಗೆ ಅದನ್ನು ಹೇಳುವುದರಲ್ಲಿ ಒಂದು ಸುಖವಿದೆ. ಹೇಳಿದ ಕ್ಷಣ ಅವನು ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾನೆ. ಉಪಕಾರದ ವೇಷದಲ್ಲಿ ಬರುವ ಈ ಸುಖವನ್ನು ತಡೆಯುವುದು ಕಷ್ಟ. ಸಭೆಗಳಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಅದಕ್ಕೆ ಸೋತವರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಕಾಯ್ದೆ ಗೊತ್ತಿಲ್ಲದವನ ಮೇಲೆ ಯಾವ ನಿರ್ಬಂಧವನ್ನೂ ಹಾಕುವುದಿಲ್ಲ. ಅದು ಕಟ್ಟುವುದು ಗೊತ್ತಿದ್ದವನ ಬಾಯಿಯನ್ನು. ಜಗತ್ತಿನಲ್ಲಿ ತಿಳಿದವರ ಬಾಯಿ ಕಟ್ಟುವ ಕಾಯ್ದೆಗಳು ಕಡಿಮೆ. ಇಂಥ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕಿತೆಂಬುದು ನನಗೆ ಖುಷಿಯ ವಿಷಯ.

ಪತ್ರಿಕೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಹಿರಿಯರು ಇದನ್ನು ಇನ್ನೂ ಚೆನ್ನಾಗಿ ಇತ್ಯರ್ಥ ಮಾಡಿಕೊಂಡಿದ್ದರು, ಒಗಟುಗಳಲ್ಲಿ. ಒಗಟಿಗೆ ನಮ್ಮ ಕಡೆ ಒಡಪು ಎಂದೂ ಅನ್ನುತ್ತಾರೆ. ಮದುವೆಯಲ್ಲಿ ಹೆಣ್ಣು ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಹೇಳುವುದಕ್ಕೂ ಅದೇ ಹೆಸರು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ನಮ್ಮ ಅಜ್ಜಿ ಒಗಟು ಹಾಕುತ್ತಿದ್ದಳು. ಬಿಡಿಸಲು ಬರದಿದ್ದರೆ ಉತ್ತರ ಹೇಳು ಅಂತ ಪೀಡಿಸುವಂತಿರಲಿಲ್ಲ. "ಊರ ಕೊಡು" ಅನ್ನುತ್ತಿದ್ದಳು. ಸೋತವರು ಒಂದು ಊರು ಕೊಡಬೇಕು. ನಾವು ಮೊದಲು ಹತ್ತಿರದ ಸಣ್ಣಪುಟ್ಟ ಹಳ್ಳಿ ಕೊಡುತ್ತಿದ್ದೆವು. "ಒಲ್ಲೆ, ದೊಡ್ಡದು ಕೊಡು." ಬಾದಾಮಿ ಕೊಡುತ್ತಿದ್ದೆವು. ಗುಳೇದಗುಡ್ಡ ಕೊಡುತ್ತಿದ್ದೆವು. ಅವಳು ಆ ಊರನ್ನು ಉಡಿಯಲ್ಲಿ ಕಟ್ಟಿಕೊಂಡವಳ ಹಾಗೆ ಸೆರಗು ಗಂಟು ಹಾಕಿ, ಆ ಮೇಲೆ ಉತ್ತರ ಬಿಚ್ಚುತ್ತಿದ್ದಳು. ಒಂದೊಂದು ಬೇಸಿಗೆಗೆ ಅವಳು ಅರ್ಧ ವಿಜಾಪುರ ಜಿಲ್ಲೆ ಗೆದ್ದಿರುತ್ತಿದ್ದಳು.

ಮಕ್ಕಳಾಟ ಅನ್ನಿಸುವ ಈ ಪದ್ಧತಿಯನ್ನು ನಾನು ದೊಡ್ಡವನಾದ ಮೇಲೆ ಮತ್ತೆ ಮತ್ತೆ ಯೋಚಿಸಿದ್ದೇನೆ. ಅದರಲ್ಲಿ ಮೂರು ಸೂಕ್ಷ್ಮಗಳಿವೆ. ಸೋತೆ ಎಂದು ತೀರ್ಮಾನಿಸುವವನು ಬಿಡಿಸುವವನೇ, ಒಗಟು ಹಾಕಿದವಳಲ್ಲ. ಅವಳು ಕಾಯಲೇಬೇಕು. ಸೋತವನು ಬರಿಗೈಯಲ್ಲಿ ಬೇಡುವುದಿಲ್ಲ, ಊರನ್ನೇ ಕೊಟ್ಟು ಉತ್ತರ ಪಡೆಯುತ್ತಾನೆ. ಆದ್ದರಿಂದ ಅವನ ಮುಖ ಉಳಿಯುತ್ತದೆ. ಇನ್ನು ಮೂರನೆಯದು, ಊರು ಕೊಟ್ಟ ಮೇಲೆ ಉತ್ತರ ಹೇಳದೆ ಸತಾಯಿಸುವಂತಿಲ್ಲ. ಹೇಳದಿರುವುದಕ್ಕೂ ಒಂದು ಕೊನೆ ಇರಬೇಕೆಂಬುದನ್ನು ಅಜ್ಜಿಯ ಆಟ ಬಲ್ಲದು. ನಮ್ಮ ಬೆಂಚಿನ ಕಾಯ್ದೆಯಲ್ಲಿ ಈ ಕೊನೆಯ ಭಾಗವೇ ಇಲ್ಲ.

ಹೇಳದೆ ಕಲಿಸುವ ಕಥೆಗಳು ನಮ್ಮ ಉಪನಿಷತ್ತುಗಳಲ್ಲಿ ಬೇಕಾದಷ್ಟಿವೆ. ತೈತ್ತಿರೀಯದಲ್ಲಿ ಭೃಗು ತಂದೆ ವರುಣನ ಬಳಿ ಹೋಗಿ ಬ್ರಹ್ಮವನ್ನು ಕಲಿಸು ಎನ್ನುತ್ತಾನೆ. ವರುಣ ಕೊಡುವುದು ಬರೀ ಸುಳಿವು. ಯಾವುದರಿಂದ ಎಲ್ಲ ಹುಟ್ಟುತ್ತದೋ, ಯಾವುದರಿಂದ ಬದುಕುತ್ತದೋ, ಯಾವುದನ್ನು ಮರಳಿ ಸೇರುತ್ತದೋ ಅದು, ತಪಸ್ಸು ಮಾಡಿ ತಿಳಿದುಕೋ. ಭೃಗು ಹೋಗಿ, ಅನ್ನ ಎಂದು ತಿಳಿದು ಬರುತ್ತಾನೆ. ತಪ್ಪು ಎಂದೂ ಅನ್ನದೆ, ಸರಿ ಎಂದೂ ಅನ್ನದೆ ವರುಣ ಮತ್ತೆ ಕಳಿಸುತ್ತಾನೆ. ಪ್ರಾಣ ಎಂದು ಬರುತ್ತಾನೆ, ಮತ್ತೆ ಕಳಿಸುತ್ತಾನೆ. ಮನಸ್ಸು, ವಿಜ್ಞಾನ, ಕೊನೆಗೆ ಆನಂದ. ಐದನೆಯ ಸಲ ಅವನು ತಂದೆಯ ಹತ್ತಿರ ಮರಳಿ ಬಂದ ಸುದ್ದಿಯೇ ಅಲ್ಲಿಲ್ಲ. ಬರುವ ಅಗತ್ಯ ಬೀಳಲಿಲ್ಲ. ಪದಬಂಧ ತುಂಬಿದವನು ನಾಳಿನ ಪತ್ರಿಕೆ ಕಾಯುವುದಿಲ್ಲ, ಎಲ್ಲ ಮನೆ ಒಂದಕ್ಕೊಂದು ಕೂಡಿಕೊಂಡಾಗಲೇ ಅವನಿಗೆ ಗೊತ್ತಾಗಿರುತ್ತದೆ.

ಪ್ಲೇಟೋನ 'ಮೆನೋ' ಸಂವಾದದಲ್ಲಿ ಸಾಕ್ರೆಟಿಸ್ ಗುಲಾಮ ಹುಡುಗನೊಬ್ಬನ ಎದುರು ನೆಲದ ಮೇಲೆ ಚೌಕ ಬರೆದು, ಇದರ ಎರಡರಷ್ಟು ಕ್ಷೇತ್ರದ ಚೌಕಕ್ಕೆ ಬದಿ ಎಷ್ಟು ಎಂದು ಕೇಳುತ್ತಾನೆ. ಹುಡುಗ ಬದಿಯನ್ನೇ ಇಮ್ಮಡಿ ಮಾಡುತ್ತಾನೆ, ತಪ್ಪು. ನಡುವಿನ ಒಂದು ಅಳತೆ ಹೇಳುತ್ತಾನೆ, ಅದೂ ತಪ್ಪು. ಕೊನೆಗೆ ಕರ್ಣದ ಮೇಲೆ ಚೌಕ ನಿಲ್ಲಿಸುತ್ತಾರೆ. ನಾನು ಏನನ್ನೂ ಹೇಳಲಿಲ್ಲ, ಕೇಳಿದೆ ಅಷ್ಟೇ, ಎಂಬುದು ಸಾಕ್ರೆಟಿಸನ ವಾದ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಅವನ ಕೆಲವು ಪ್ರಶ್ನೆಗಳು ನಮ್ಮ ಸಾಹುಕಾರರು "ಗಜ ಅಲ್ಲಲ್ಲ ಅದು?" ಅಂತ ಕೇಳಿದ ಹಾಗಿವೆ. ಮೇಲಾಗಿ, ಆ ಹುಡುಗನಿಗೆ ಚೌಕದ ಉಸಾಬರಿ ಬೇಕೇ ಎಂದು ಯಾರೂ ಕೇಳಿರಲಿಲ್ಲ.

ಆದರೆ ಹೇಳದಿರುವುದರ ಅಪಾಯ ನಿಜವಾಗಿ ಕಾಣುವುದು ಛಾಂದೋಗ್ಯದ ಕಥೆಯಲ್ಲಿ. ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಆತ್ಮವನ್ನು ತಿಳಿಯಲು ಪ್ರಜಾಪತಿಯ ಬಳಿ ಬರುತ್ತಾರೆ. 32 ವರ್ಷ ಇರುತ್ತಾರೆ. ಪ್ರಜಾಪತಿ ಕಣ್ಣಿನಲ್ಲಿ ಕಾಣುವ ಪುರುಷನೇ ಆತ್ಮ ಎನ್ನುತ್ತಾನೆ, ನೀರಿನ ಪಾತ್ರೆಯಲ್ಲಿ ನೋಡಿಕೊಳ್ಳಿ ಎನ್ನುತ್ತಾನೆ. ಇಬ್ಬರೂ ತಮ್ಮ ಪ್ರತಿಬಿಂಬ ನೋಡಿಕೊಂಡು ತೃಪ್ತರಾಗಿ ಹೊರಡುತ್ತಾರೆ. ಇವರು ತಿಳಿಯದೆಯೇ ಹೋಗುತ್ತಿದ್ದಾರೆ ಎಂಬುದು ಪ್ರಜಾಪತಿಗೆ ಗೊತ್ತು. ಆದರೂ ಕರೆಯುವುದಿಲ್ಲ. ಇಂದ್ರ ಅರ್ಧ ದಾರಿಯಲ್ಲಿ ಅನುಮಾನ ಬಂದು ಹಿಂತಿರುಗುತ್ತಾನೆ, ಎಲ್ಲ ಸೇರಿ 101 ವರ್ಷ ಕಲಿಯುತ್ತಾನೆ. ವಿರೋಚನ ತಿರುಗಿ ನೋಡುವುದಿಲ್ಲ. ದೇಹವೇ ಆತ್ಮ ಎಂದು ತನ್ನವರಿಗೆಲ್ಲ ಸಾರುತ್ತಾನೆ. ಈ ಕಥೆಯನ್ನು ಹೇಳುವವರು ಇಂದ್ರನನ್ನು ಹೊಗಳಿ ಮುಗಿಸುತ್ತಾರೆ. ನನಗೆ ವಿರೋಚನನ ಜನ ನೆನಪಾಗುತ್ತಾರೆ. ಒಂದು ತಪ್ಪುತ್ತರವನ್ನು ನಂಬಿ ಬದುಕಿದ ಆ ಇಡೀ ಕುಲದ ಎದುರು ಪ್ರಜಾಪತಿಯ ಮೌನಕ್ಕೆ ಏನು ಸಮಜಾಯಿಷಿ?

ಪದಬಂಧದಲ್ಲಿ ಈ ತೊಂದರೆಯಿಲ್ಲ, ಅದಕ್ಕೆ ಕಾರಣ ಅಡ್ಡ-ಉದ್ದದ ಹೆಣಿಗೆ. ಒಬ್ಬ 'ನೀರು' ಎಂಬ ಸುಳಿವಿಗೆ 'ಜಲ' ಎಂದು ಶಾಯಿಯಲ್ಲೇ ಬರೆದುಕೊಂಡ, ಸರಿಯುತ್ತರ 'ವಾರಿ'. ನೀವು ಬಾಯಿ ಬಿಡಬೇಕಾಗಿಲ್ಲ. ಐದು ನಿಮಿಷದಲ್ಲಿ ಮೇಲಿನಿಂದ ಇಳಿದು ಬರುವ ಶಬ್ದ 'ಜ'ವನ್ನು ಒಪ್ಪದೆ ಜಗಳ ತೆಗೆಯುತ್ತದೆ. ಚೌಕವೇ ಅವನನ್ನು ತಿದ್ದುತ್ತದೆ. ಆದ್ದರಿಂದ ಅಲ್ಲಿ ಸುಮ್ಮನಿರುವುದು ಒಳ್ಳೆಯತನ. ಬದುಕಿನಲ್ಲಿ ಎಲ್ಲ ಮನೆಗಳಿಗೂ ಅಡ್ಡ ಶಬ್ದ ಇರುವುದಿಲ್ಲ. ವಿರೋಚನನ ಶಬ್ದಕ್ಕೆ ಯಾವ ಶಬ್ದವೂ ಅಡ್ಡ ಬರಲಿಲ್ಲ. ಬಂದರೂ ಎಷ್ಟೋ ಸಲ ತಡವಾಗಿ ಬರುತ್ತದೆ, ಹೊಲ ಮಾರಿದ ಮೇಲೆ, ರೋಗ ಬಲಿತ ಮೇಲೆ. ಅಂಥಲ್ಲಿ ಗೊತ್ತಿದ್ದವನು ಹೇಳಬೇಕು, ಕೇಳದಿದ್ದರೂ ಹೇಳಬೇಕು. ಇದರಲ್ಲಿ ನನಗೆ ಸಂಶಯವಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಹೋದ ವರ್ಷ ನಮ್ಮ ಬೆಂಚಿನ ಹತ್ತಿರ ಒಬ್ಬ ಹೆಣ್ಣುಮಗಳು ಒಂದು ಅರ್ಜಿ ಹಿಡಿದುಕೊಂಡು ಬಂದಳು. ಯಾವುದೋ ಕಚೇರಿಗೆ ಮೂರು ಸಲ ಹೋಗಿ ಬಂದಿದ್ದಳಂತೆ. ಮೊದಲ ಸಲ ಒಂದು ಕಾಗದ ಇಲ್ಲ ಅಂದರು. ಅದನ್ನು ತಂದಾಗ ಇನ್ನೊಂದು ಇಲ್ಲ ಅಂದರು. ಅದನ್ನೂ ತಂದಾಗ ಸಹಿ ಬೇರೆ ಕಡೆ ಬೇಕಿತ್ತು ಅಂದರು. ಒಮ್ಮೆಗೇ ಎಲ್ಲವನ್ನೂ ಯಾಕೆ ಹೇಳಲಿಲ್ಲ ಎಂದು ಅವಳು ನಮ್ಮನ್ನು ಕೇಳುತ್ತಿದ್ದಳು. ನೋಡಿ, ವರುಣ ಮಗನನ್ನು ಕಳಿಸಿದ ಹಾಗೆಯೇ ಆ ಗುಮಾಸ್ತನೂ ಕಳಿಸಿದ. ಮೇಲಿನಿಂದ ನೋಡಿದರೆ ಎರಡೂ ಒಂದೇ, ಉತ್ತರ ಗೊತ್ತಿದ್ದೂ ಹೇಳಲಿಲ್ಲ. ಆದರೆ ಭೃಗುವಿಗೆ ಬೇಕಿದ್ದದ್ದು ತಿಳಿವು, ಅದು ನಡೆದೇ ಸಿಗಬೇಕಾದದ್ದು. ಅವಳಿಗೆ ಬೇಕಿದ್ದದ್ದು ಪಿಂಚಣಿ. ಕಾಗದಗಳ ಪಟ್ಟಿಯನ್ನು ತಾನೇ ಕಂಡುಹಿಡಿದಳೆಂಬ ಆನಂದ ಯಾರಿಗೆ ಬೇಕು? ಒಬ್ಬರ ಪ್ರಶ್ನೆಯನ್ನು ಒಗಟು ಮಾಡುವುದು, ಒಬ್ಬರ ಒಗಟನ್ನು ಪ್ರಶ್ನೆಯೆಂದು ತಿಳಿದು ಉತ್ತರ ಹೇಳಿಬಿಡುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅನ್ಯಾಯ. ಮಗ್ಗದವರು ಅರ್ಜಿ ಇಸಿದುಕೊಂಡು ಬೇಕಾದ ಎಲ್ಲವನ್ನೂ ಕ್ಯಾಲೆಂಡರಿನ ಚೂರಿನ ಮೇಲೆ ಒಂದು ಎರಡು ಎಂದು ಬರೆದುಕೊಟ್ಟರು. ಅವತ್ತಿನ ಅವರ ಚೌಕ ಅರ್ಧಕ್ಕೇ ಉಳಿಯಿತು.

ಹುಡುಗನಿಗೆ ಈ ಚರ್ಚೆಗಳಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. "ಕೇಳಿದ್ರ ಫೋನ್ ಹೇಳ್ತೈತಿ, ಕೇಳಲಿಲ್ಲಂದ್ರ ಸುಮ್ನಿರ್ತೈತಿ. ನಿಮ್ಮ ಕಾಯ್ದೆ ಅದಕ್ಕ ಮೊದಲ ಗೊತ್ತೈತ್ರೀ" ಎಂದ ಒಂದು ದಿನ. ಮಾತು ಜಾಣತನದ್ದು. ಆದರೆ ಈಗೀಗ ಫೋನಿನಲ್ಲಿ ಎರಡಕ್ಷರ ಒತ್ತುವಷ್ಟರಲ್ಲಿ ಪೂರ್ತಿ ಶಬ್ದ ತಾನೇ ಎದುರು ಬಂದು ನಿಲ್ಲುತ್ತದೆ. ಅದೂ ನಮ್ಮ ಸಾಹುಕಾರರ ಹಾಗಾಗಿದೆ.

ಈಗ ಮಾಸ್ತರರ ವಿಷಯ. ಬೆಂಚಿನ ಮೇಲೆ ಎಲ್ಲರಿಗಿಂತ ಮೊದಲು ಚೌಕ ಮುಗಿಸುತ್ತಿದ್ದವರು ಅವರೇ. ಪಾ.ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ' ಅವರಿಗೆ ಪಂಚಾಂಗವಿದ್ದ ಹಾಗೆ, ಯಾವ ಶಬ್ದ ಎತ್ತಿದರೂ ಅದರ ತವರು, ಬಳಗ ಎಲ್ಲ ಹೇಳುತ್ತಿದ್ದರು. ಎರಡು ವರ್ಷದಿಂದ ಅವರ ಶಬ್ದಗಳು ಒಂದೊಂದಾಗಿ ಕೈಬಿಡುತ್ತಿವೆ. ವಿಚಿತ್ರವೆಂದರೆ ದೊಡ್ಡವು ಮೊದಲು ಹೋಗಲಿಲ್ಲ. ಇಭ ಇನ್ನೂ ಇದೆ. ಹೋದವು ಬಕೀಟು, ಛತ್ರಿ, ಸೌತೆಕಾಯಿಯಂಥವು. "ಬಾಯಾಗ ಐತಿ, ತಡೀರಿ" ಅನ್ನುತ್ತಾರೆ, ಪೆನ್ನು ಮನೆಯ ಮೇಲೆ ನಿಂತಿರುತ್ತದೆ. ಮೊದಲು ಅದು ಅರ್ಧ ನಿಮಿಷ ಇರುತ್ತಿತ್ತು. ಆಮೇಲೆ ಚಹಾ ಆರುವಷ್ಟು ಹೊತ್ತು. ಯಾರಾದರೂ ಉಸಿರು ಜೋರಾಗಿ ಎಳೆದರೂ ಸಾಕು, "ಹೇಳಬ್ಯಾಡ್ರೀ" ಎಂದು ಕೈ ಅಡ್ಡ ಹಿಡಿಯುತ್ತಾರೆ.

ಕಾಯ್ದೆಯ ಪ್ರಕಾರ ನಾವು ಸುಮ್ಮನಿರಬೇಕು. ಸುಮ್ಮನಿದ್ದೆವು. ಆದರೆ ಆ ಮೌನ ಮೊದಲಿನ ಮೌನವಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಎದ್ದು ಹೋದ ಮೇಲೆ ಒಂದು ದಿನ ಇದರ ಮೇಲೆ ಜಗಳವೇ ಆಯಿತು. ಸಾಹುಕಾರರು ಕಾಯ್ದೆ ಮುರಿಯಲು ಒಪ್ಪಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಇದ್ದ ನಿಯಮ ಅವರಿಗೆ ಮಾತ್ರ ಇಲ್ಲ ಅಂದರೆ, ನೀವು ಇನ್ನು ನಮ್ಮವರಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಆ ಮನುಷ್ಯ ಹೇಳಬ್ಯಾಡ್ರೀ ಅಂತ ಬಾಯಿಬಿಟ್ಟು ಹೇಳುತ್ತಿರುವಾಗ ಹೇಳುವ ಹಕ್ಕು ನಿಮಗೆ ಯಾರು ಕೊಟ್ಟರು? ಮಗ್ಗದವರ ಲೆಕ್ಕ ಬೇರೆ. ಹುಡುಕಿದರೆ ಸಿಗುತ್ತದೆ ಅನ್ನುವವನಿಗೆ ಸುಮ್ಮನಿರುವುದು ಮರ್ಯಾದೆ. ಸಿಗದವನ ಮುಂದೆ ಸುಮ್ಮನೆ ಕೂತು ನೋಡುವುದು ಯಾವ ಮರ್ಯಾದೆ? ಬಾವಿಯೊಳಗೆ ಬಿದ್ದವನು ಈಜುತ್ತಾನೇನು ನೋಡೋಣ ಅಂದ ಹಾಗೆ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ನನಗೆ ಕಷ್ಟವಾದದ್ದು 'ಹೇಳಬ್ಯಾಡ್ರೀ' ಎಂಬ ಆ ಮಾತು. ಅದನ್ನು ಆಡುತ್ತಿದ್ದವರು ಇವತ್ತಿನ ಮಾಸ್ತರರೋ, ಇಪ್ಪತ್ತು ವರ್ಷದ ರೂಢಿಯೋ? ಒಬ್ಬರ ಬೇಡಿಕೆಯನ್ನು ಗೌರವಿಸಬೇಕೆಂದರೆ ಆ ಬೇಡಿಕೆ ಅವರದೇ ಎಂದು ಗೊತ್ತಿರಬೇಕು. ಆದರೆ ಅವರದ್ದಲ್ಲ ಎಂದು ನಾವು ತೀರ್ಮಾನಿಸಿಬಿಟ್ಟರೆ, ಒಬ್ಬ ಮನುಷ್ಯನ ಮಾತನ್ನು ಅವನ ಬಾಯಿಂದಲೇ ಕಿತ್ತುಕೊಂಡ ಹಾಗೆ. ಶಬ್ದಗಳನ್ನು ಕಾಲ ಕಿತ್ತುಕೊಳ್ಳುತ್ತಿರುವವರಿಂದ ನಾವು ನಿರಾಕರಿಸುವ ಶಬ್ದವನ್ನೂ ಕಿತ್ತುಕೊಳ್ಳುವುದೇ?

ಉಪಾಯ ಹೊಳೆದದ್ದು ಮಗ್ಗದವರಿಗೆ. ಮರುದಿನ ಮಾಸ್ತರರ ಪೆನ್ನು ನಿಂತಾಗ ಅವರು ಪತ್ರಿಕೆಯಿಂದ ತಲೆ ಎತ್ತದೆ, "ಏನ್ರೀ ಮಾಸ್ತರ, ಊರ ಕೊಡ್ತೀರೇನು?" ಅಂದರು. ಮಾಸ್ತರರಿಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಊರ ಕೊಡೂ ಪೈಕಿ ಅಲ್ಲೋ ನಾ" ಎಂದು ಮತ್ತೈದು ನಿಮಿಷ ಹುಡುಕಿದರು. ಆ ಮೇಲೆ ಹೇಳಿದರು, "ತಗೋ, ಹುಬ್ಬಳ್ಳಿ ಕೊಟ್ಟೆ." ಮಗ್ಗದವರು ಉತ್ತರ ಹೇಳಿದರು. ಮಾಸ್ತರರು ಬರೆದುಕೊಂಡು, ಆ ಶಬ್ದದ ಬಳಗವನ್ನೆಲ್ಲ ನಮಗೆ ಹೇಳಿದರು.

ಈಗ ಅವರು ದಿನಕ್ಕೆ ಮೂರು ನಾಲ್ಕು ಊರು ಕೊಡುತ್ತಾರೆ. ಸೊಲ್ಲಾಪುರ ಹೋಗಿದೆ, ಧಾರವಾಡ ಹೋಗಿದೆ, ಬೆಂಗಳೂರು ಎರಡು ಸಲ ಹೋಗಿದೆ. ಕೊಟ್ಟ ಊರನ್ನೇ ಮತ್ತೆ ಕೊಟ್ಟರೆ ಮಗ್ಗದವರು ಇಸಿದುಕೊಳ್ಳುತ್ತಾರೆ. ಸಾಹುಕಾರರು ಮಾತ್ರ ಇದನ್ನು ಇನ್ನೂ ಒಪ್ಪಿಲ್ಲ. ಬೆಂಚಿನ ತುದಿಗೆ ಕೂತು, "ಇದು ಒಡಪಲ್ಲ, ಪದಬಂಧ" ಎಂದು ಗೊಣಗುತ್ತಾರೆ. ಅವರ ಪ್ರಕಾರ ನಾವು ಕೇಳುತ್ತಿರುವ ಪ್ರಶ್ನೆಯಲ್ಲೇ ಉತ್ತರವಿದೆ, ಸಾಕ್ರೆಟಿಸನದರಲ್ಲಿ ಇದ್ದಂತೆ. ಊರು ಕೊಡ್ತೀರೇನು ಎಂದು ಕೇಳುವುದೇ, ನಿಮಗೆ ಬರುವುದಿಲ್ಲ ಎಂದು ಹೇಳಿದ ಹಾಗೆ. ಅದನ್ನು ಅಲ್ಲಗಳೆಯಲು ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಆದರೂ ನಾನು ಮಗ್ಗದವರ ಕಡೆಗೆ. ಅಜ್ಜಿಯ ಆಟದಲ್ಲಿ ಬಿಡಿಸುವವನು ತಾನೇ ಊರು ಕೊಡುತ್ತಿದ್ದ. ಇಲ್ಲಿ ಮಾಸ್ತರರು ಇನ್ನೂ ತಾವೇ ಕೊಡುತ್ತಿದ್ದಾರೆ, ಕೊಡಲು ಒಲ್ಲೆ ಎಂದ ದಿನಗಳೂ ಇವೆ. ಅಂಥ ದಿನ ಆ ಮನೆ ಖಾಲಿಯೇ ಉಳಿಯುತ್ತದೆ.

ಹೋದ ತಿಂಗಳು ಮಾಸ್ತರರ ಮನೆಗೆ ಹೋಗಿದ್ದೆವು. ಅವರ ಸೊಸೆ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ, ಅವರು ಒಳಗೆ ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಮೆಲ್ಲಗೆ ಹೇಳಿದಳು. ಈಗ ಮೊಮ್ಮಕ್ಕಳ ಹೆಸರೂ ತಪ್ಪುತ್ತಿವೆಯಂತೆ. ಕೂಸು ಮುಂದೆ ಬಂದು ನಿಲ್ಲುತ್ತದೆ, ಇವರು ತಡಿ, ಹೇಳಬ್ಯಾಡ ಅನ್ನುತ್ತಾರೆ. ಏನು ಮಾಡಬೇಕೆಂದು ಅವಳು ನಮ್ಮನ್ನು ಕೇಳಲಿಲ್ಲ. ಕೇಳಿದ್ದು ಸಾಹುಕಾರರು, ನೀ ಏನ ಮಾಡ್ತೀಯವ್ವಾ, ಎಂದು.

"ಮೊದಲನೇ ಅಕ್ಷರ ಹೇಳ್ತೀನ್ರೀ," ಎಂದಳು. "ಬಂದ್ರ ಬಂತು. ಬರಲಿಲ್ಲಂದ್ರ ಪೂರ್ತಿ ಹೇಳಿಬಿಡ್ತೀನಿ, ಅವರು ಬ್ಯಾಡ ಅಂದ್ರೂ. ಹೆಸರ ಕರೀತಾರ ಅಂತ ಕೂಸು ನಿಂತಿರ್ತೈತಿ, ಅದು ಎಷ್ಟೊತ್ತ ನಿಂದರಬೇಕ್ರೀ?"